ಅರ್ಜಿಯ ಭಾಷೆ ಮತ್ತು ಎಂಬತ್ತೊಂಬತ್ತು ಮತ

(ಕಾಸರಗೋಡು ಜಿಲ್ಲೆಯ ಕಂದಾಯ ಇಲಾಖೆಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದ ನಮ್ಮ ಅಂಕಣಕಾರರು ಓದುಗರ ಪ್ರಶ್ನೆಗಳಿಗೆ ಉತ್ತರಿಸಿದ್ದಾರೆ.)

ಪ್ರಶ್ನೆ: ಕಾಸರಗೋಡು ಕರ್ನಾಟಕಕ್ಕೆ ಸೇರಬೇಕೆಂಬ ಆಸೆ ತಮ್ಮಲ್ಲಿ ಇನ್ನೂ ಉಳಿದಿದೆಯೇ? — ಓದುಗರೊಬ್ಬರು, ಬದಿಯಡ್ಕ

ಉತ್ತರ: ಇತ್ತು, ಈಗ ಇಲ್ಲ. 1956ರ ನವೆಂಬರ್ 1ರಂದು ಕೇರಳದ ಪಾಲಾದ ನಮ್ಮ ತಾಲೂಕಿನಲ್ಲಿ ಚಂದ್ರಗಿರಿ ಹೊಳೆಯ ಉತ್ತರದ ಭಾಗವನ್ನು ಮೈಸೂರು ರಾಜ್ಯಕ್ಕೆ (ಇಂದಿನ ಕರ್ನಾಟಕಕ್ಕೆ) ಕೊಡಬೇಕೆಂದು, ಗಡಿ ವಿವಾದವನ್ನು ಪರಿಶೀಲಿಸಲು ಕೇಂದ್ರವು ನೇಮಿಸಿದ್ದ ಮಹಾಜನ ಆಯೋಗವು 1967ರಲ್ಲಿ ವರದಿ ಕೊಟ್ಟಾಗ, ನಮ್ಮ ಮನೆಯ ಹಿರಿಯರು ಇನ್ನೇನು ಆಗಿಯೇ ಹೋಯಿತೆಂದು ನಂಬಿದ್ದರು. ಕಯ್ಯಾರ ಕಿಞ್ಞಣ್ಣ ರೈಗಳಂತಹ ಕವಿಗಳು ಆ ಬೇಡಿಕೆಗೆ ದನಿಯಾದರು. ವರದಿ ಮಾತ್ರ ಕಡತದಲ್ಲಿಯೇ ಉಳಿಯಿತು, 1984ರಲ್ಲಿ ಕಾಸರಗೋಡು ಕೇರಳದ ಪ್ರತ್ಯೇಕ ಜಿಲ್ಲೆಯೂ ಆಯಿತು. 2020ರ ಮಾರ್ಚಿನಲ್ಲಿ ಕೊರೊನಾದ ಕಾರಣಕ್ಕೆ ಕರ್ನಾಟಕವು ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದಾಗ, ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ನಮ್ಮ ರೋಗಿಗಳು ಗಡಿಯ ತಲಪಾಡಿಯನ್ನು ದಾಟಲಾಗದೆ ಒದ್ದಾಡಿದರು. ವಿವಾದ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಕನ್ನಡಿಗರೆಂಬ ರಿಯಾಯಿತಿ ಆಗ ಯಾರಿಗೂ ಸಿಗಲಿಲ್ಲ. ಇದನ್ನು ಕಹಿಯಿಂದ ಹೇಳುತ್ತಿಲ್ಲ. ನಾವು ಕೇರಳದ ಪ್ರಜೆಗಳಾಗಿ ಕೇಳಿ ಪಡೆಯಬೇಕಾದ ಹಕ್ಕುಗಳ ಕಡೆಗೆ ಗಮನ ಹರಿಸುವುದು ಹೆಚ್ಚು ಉಪಯುಕ್ತವೆಂದು ಅಂದಿನಿಂದ ನನಗೆ ಅನಿಸಿದೆ.

ಪ್ರಶ್ನೆ: ಎಲ್ಲ ಅರ್ಜಿಗಳೂ ಆನ್‌ಲೈನ್ ಆಗಿವೆ. ಪರದೆಯಲ್ಲಿ ಕಾಣುವುದು ಮಲಯಾಳ ಅಥವಾ ಇಂಗ್ಲಿಷ್. ಸರಕಾರಿ ಅರ್ಜಿಗಳನ್ನು ಆನ್‌ಲೈನಿನಲ್ಲಿ ತುಂಬಿಕೊಡುವ ಅಕ್ಷಯ ಕೇಂದ್ರದವರು ಏನು ಟೈಪ್ ಮಾಡಿದರೆಂದು ತಿಳಿಯದೆಯೇ ನನ್ನಂಥವರು ಸಹಿ ಹಾಕುತ್ತಿದ್ದೇವೆ. ತಂತ್ರಜ್ಞಾನವು ಕನ್ನಡವನ್ನು ಹೊರಗೆ ಹಾಕಿತೆಂದು ಹೇಳಬಹುದೇ? — ಓದುಗರೊಬ್ಬರು, ಪೆರ್ಲ

ಉತ್ತರ: ತಂತ್ರಜ್ಞಾನದ ಮೇಲೆ ತಪ್ಪು ಹೊರಿಸಲು ನನಗೆ ಮನಸ್ಸಿಲ್ಲ. ಜಗತ್ತಿನ ಲಿಪಿಗಳಿಗೆಲ್ಲ ಸಂಕೇತ ಕೊಡುವ ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಲ್ಲಿಯೇ ಜಾಗ ಸಿಕ್ಕಿದೆ, ಕನ್ನಡದ ಕೀಲಿಮಣೆಯನ್ನು ರೂಪಿಸಿದ ಕೆ.ಪಿ. ರಾವ್ ಅವರು ನಮ್ಮ ಕರಾವಳಿಯವರೇ. ಮಲಯಾಳ ಮೂಡುವ ಪರದೆಯಲ್ಲಿ ಕನ್ನಡ ಮೂಡಲು ಯಾವ ಅಡ್ಡಿಯೂ ಇಲ್ಲ. ಶೀರ್ಷಿಕೆಗಳನ್ನೂ ಸೂಚನೆಗಳನ್ನೂ ಬಲ್ಲವರೊಬ್ಬರು ಅನುವಾದಿಸಿ ಕೊಡಬೇಕು, ಅವನ್ನು ಸೇರಿಸುವ ಮನಸ್ಸು ಮೇಲಿನವರಿಗೆ ಇರಬೇಕು, ಅಷ್ಟೇ.

ಕಾನೂನಿನ ಕೊರತೆಯೂ ಇದಕ್ಕೆ ಕಾರಣವಲ್ಲ. ಕುಂದುಕೊರತೆಯ ಮನವಿಯನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಯಾವುದೇ ಅಧಿಕಾರಿಗೆ ಸಲ್ಲಿಸಬಹುದೆಂದು ಸಂವಿಧಾನದ 350ನೆಯ ವಿಧಿ ಹೇಳುತ್ತದೆ. ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರು ತಮ್ಮ ಭಾಷೆಯಲ್ಲಿ ಸರಕಾರಕ್ಕೆ ಬರೆದು ಅದೇ ಭಾಷೆಯಲ್ಲಿ ಉತ್ತರ ಪಡೆಯುವ ಅವಕಾಶವನ್ನು ಕೇರಳದ 1969ರ ಅಧಿಕೃತ ಭಾಷಾ ಕಾನೂನು ಮಾಡಿಕೊಟ್ಟಿತ್ತು. ಕಾಗದದ ಕಾಲದಲ್ಲಿ ಇದು ಒಂದಿಷ್ಟು ನಡೆಯುತ್ತಿತ್ತು. ಕನ್ನಡದಲ್ಲಿ ಬರೆದ ಅರ್ಜಿ ಮೇಜಿನ ಮೇಲೆ ಬಂದರೆ ಅದನ್ನು ಓದಬಲ್ಲ ಗುಮಾಸ್ತನೊಬ್ಬ ಕಚೇರಿಯಲ್ಲಿ ಇರಲೇಬೇಕಾಗಿತ್ತು, ಇಲ್ಲದಿದ್ದರೆ ಕೆಲಸ ನಿಲ್ಲುತ್ತಿತ್ತು, ಹಾಗಾಗಿ ಕನ್ನಡ ಬಲ್ಲವರ ನೇಮಕಕ್ಕಾಗಿ ಒತ್ತಾಯಿಸಲು ನಮ್ಮ ಕೈಯಲ್ಲಿ ಕಾರಣವಿತ್ತು. ಈಗ ಅರ್ಜಿಯ ನಮೂನೆ ತಿರುವನಂತಪುರದಲ್ಲಿ ಸಿದ್ಧವಾಗುತ್ತದೆ, ಅದನ್ನು ತುಂಬುವವರು ಬೇರೆ, ಪರಿಶೀಲಿಸುವವರು ಬೇರೆ. ಕನ್ನಡದ ಅರ್ಜಿಯನ್ನು ಯಾರೂ ತಿರಸ್ಕರಿಸುತ್ತಿಲ್ಲ, ಏಕೆಂದರೆ ಅದು ಕಚೇರಿಯನ್ನು ತಲುಪುವುದೇ ಇಲ್ಲ. ತಿರಸ್ಕರಿಸಿದ್ದರೆ ಜಗಳವಾಡಬಹುದಿತ್ತು. ಹಕ್ಕು ಕಾಗದದಲ್ಲಿ ಉಳಿದು ಅದನ್ನು ಚಲಾಯಿಸುವ ಜಾಗ ಮಾಯವಾದದ್ದು ನನ್ನನ್ನು ಹೆಚ್ಚು ಚಿಂತೆಗೆ ಹಚ್ಚಿದೆ.

ತಾವು ಮಾಡಬಹುದಾದ ಕೆಲಸವೊಂದಿದೆ. ಆನ್‌ಲೈನ್ ಅರ್ಜಿಯಲ್ಲಿ ದಾಖಲೆಗಳನ್ನು ಲಗತ್ತಿಸುವ ಅವಕಾಶವಿದ್ದರೆ, ಕೈಬರಹದ ಕನ್ನಡ ಮನವಿಯನ್ನೂ ಸ್ಕ್ಯಾನ್ ಮಾಡಿಸಿ ಸೇರಿಸಿ. ಸಹಿ ಹಾಕುವ ಮೊದಲು ಹೆಸರು, ಮನೆಹೆಸರು, ಸರ್ವೆ ನಂಬ್ರಗಳನ್ನು ಗಟ್ಟಿಯಾಗಿ ಓದಿ ಹೇಳುವಂತೆ ಕೇಳಿ. ಐತಪ್ಪ, ದೂಮಪ್ಪ ಮುಂತಾದ ನಮ್ಮ ಹೆಸರುಗಳು ಕನ್ನಡದಿಂದ ಮಲಯಾಳಕ್ಕೂ ಅಲ್ಲಿಂದ ಇಂಗ್ಲಿಷಿಗೂ ಹೋಗುವಷ್ಟರಲ್ಲಿ ಬೇರೆಯೇ ಮನುಷ್ಯನದಾಗಿ, ಮುಂದೆ ಪಿಂಚಣಿಯ ಮಸ್ಟರಿಂಗ್ (ಪಿಂಚಣಿದಾರರು ಬದುಕಿರುವುದನ್ನು ಖಚಿತಪಡಿಸುವ ತಪಾಸಣೆ) ಮಾಡುವಾಗ ತೊಂದರೆ ಕೊಡುತ್ತವೆ.

ಪ್ರಶ್ನೆ: ಈ ವಯಸ್ಸಿನಲ್ಲಿ ಸಾಲು ನಿಂತು ಮತ ಹಾಕಿ ಏನು ಪ್ರಯೋಜನ? — ಓದುಗರೊಬ್ಬರು, ಉಪ್ಪಳ

ಉತ್ತರ: ಮಂಜೇಶ್ವರ ಕ್ಷೇತ್ರದವರೇ ಈ ಪ್ರಶ್ನೆಯನ್ನು ಕೇಳಿದರೆ ನಗು ಬರುತ್ತದೆ. 2016ರ ವಿಧಾನಸಭಾ ಚುನಾವಣೆಯಲ್ಲಿ ತಮ್ಮ ಕ್ಷೇತ್ರದ ಫಲಿತಾಂಶ ನಿರ್ಧಾರವಾದದ್ದು 89 ಮತಗಳ ಅಂತರದಿಂದ. ಒಂದು ಮದುವೆಯ ಊಟದ ಎರಡು ಪಂಕ್ತಿಗೂ ಅಷ್ಟು ಜನ ಸಾಲದು. ಚುನಾವಣೆ ಬಂದಾಗ ಕನ್ನಡದಲ್ಲಿ ಕರಪತ್ರ ಅಚ್ಚು ಹಾಕಿಸಿ ಮನೆಮನೆಗೆ ತಲುಪಿಸಲು ಪಕ್ಷಗಳಿಗೆ ಅನುವಾದಕರು ಸಿಗುತ್ತಾರೆ, ಅರ್ಜಿಯ ನಮೂನೆಗೆ ಮಾತ್ರ ಸಿಗುವುದಿಲ್ಲ. ಮತ ಕೇಳಲು ಅಂಗಳಕ್ಕೆ ಬಂದವರ ಮುಂದೆ ಈ ಮಾತನ್ನೇ ಇಡಿ.

ಪ್ರಶ್ನೆ: ಎಪ್ಪತ್ತು ದಾಟಿದವರು ಮೊಬೈಲಿನಲ್ಲಿ ಕನ್ನಡ ಟೈಪ್ ಮಾಡಲು ಕಲಿಯಬಹುದೇ? ಮೊಮ್ಮಕ್ಕಳಿಗೆ ಕಲಿಸುವ ತಾಳ್ಮೆ ಇಲ್ಲ. — ಓದುಗರೊಬ್ಬರು, ಮುಳ್ಳೇರಿಯ

ಉತ್ತರ: ಖಂಡಿತವಾಗಿ ಕಲಿಯಬಹುದು. ಮೊಮ್ಮಕ್ಕಳು ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವವರು, ಅವರಿಂದ ಕಲಿಯದಿರುವುದೇ ಲೇಸು. ಫೋನಿನ ಭಾಷೆಯ ಸೆಟ್ಟಿಂಗಿನಲ್ಲಿ ಕನ್ನಡ ಕೀಲಿಮಣೆಯನ್ನು ಸೇರಿಸಿಕೊಳ್ಳಿ. ಮೈಕಿನ ಗುರುತನ್ನು ಒತ್ತಿ ಮಾತನಾಡಿದರೂ ಅಕ್ಷರ ಮೂಡುತ್ತದೆ, ಆದರೆ ಅದು ಪುಸ್ತಕದ ಕನ್ನಡಕ್ಕೆ ಒಗ್ಗಿದ್ದು, ತುಳುವೋ ಹವ್ಯಕವೋ ನಡುವೆ ನುಸುಳಿದರೆ ಏನೇನೋ ಬರೆದುಬಿಡುತ್ತದೆ. ಎಲ್ಲರಿಗೂ ಕಷ್ಟವೆನಿಸುವುದು ಒತ್ತಕ್ಷರ. ಮೊದಲು ಕ ಒತ್ತಿ, ಬಳಿಕ ಅರ್ಧಾಕ್ಷರದ ಚಿಹ್ನೆಯನ್ನು ಒತ್ತಿ, ಆಮೇಲೆ ಷ ಒತ್ತಿದರೆ ಕ್ಷ ಬರುತ್ತದೆ. ಉಳಿದ ಒತ್ತುಗಳಿಗೂ ಇದೇ ಕ್ರಮ.