ಒಂದೇ ಕಬ್ಬಿಣ, ಎರಡು ಕೈ

ಪ್ರಶ್ನೆ: ಅಪ್ಪನಿಗೆ ಗ್ಯಾಸ್ಟ್ರಿಕ್. ಮೊದಲು ಒಮೆಪ್ರಜೋಲ್ ತಗೋತಿದ್ದರು, ಈಗ ಡಾಕ್ಟರು ಎಸೊಮೆಪ್ರಜೋಲ್ ಬರೆದುಕೊಟ್ಟಿದ್ದಾರೆ. ಎರಡರ ಫಾರ್ಮುಲಾನೂ ಒಂದೇ, ಗಂಧಕದ ಹತ್ತಿರ ಆಕ್ಸಿಜನ್ ಕೂತಿರುವ ದಿಕ್ಕು ಮಾತ್ರ ಬೇರೆ ಅಂತ ಓದಿದೆ. ಬ್ಯಾಕ್ಟೀರಿಯಾದ ಕಬ್ಬಿಣದ ಕಿಣ್ವಗಳು ಗಂಧಕಕ್ಕೆ ಆಕ್ಸಿಜನ್ನನ್ನು ಒಂದೇ ದಿಕ್ಕಿನಿಂದ ಸೇರಿಸುತ್ತವೆ ಅಂತ ನಮ್ಮ ಲೆಕ್ಚರರ್ ಹೇಳಿದರು. ಅದು ಹೇಗೆ ಸಾಧ್ಯ?
– ಬಿ.ಎಸ್ಸಿ. ವಿದ್ಯಾರ್ಥಿನಿ, ಹಾಸನ

ಉತ್ತರ: ಮೊದಲು ಗಂಧಕದ ವಿಷಯ. ಒಮೆಪ್ರಜೋಲ್‌ನಲ್ಲಿ ಗಂಧಕಕ್ಕೆ ಎರಡು ಬೇರೆ ಬೇರೆ ಗುಂಪುಗಳು ಅಂಟಿಕೊಂಡಿವೆ, ಒಂದು ಆಕ್ಸಿಜನ್ ಇದೆ, ಜೊತೆಗೆ ಬಂಧಕ್ಕೆ ಸೇರದ ಒಂದು ಜೋಡಿ ಎಲೆಕ್ಟ್ರಾನ್ ಇದೆ. ನಾಲ್ಕೂ ಬೇರೆ ಬೇರೆ. ಹಾಗಾಗಿ ಎಡಗೈ ಬಲಗೈ ತರಹ ಎರಡು ರೂಪ ಬರುತ್ತವೆ. ಒಮೆಪ್ರಜೋಲ್ ಎರಡರ ಮಿಶ್ರಣ, ಎಸೊಮೆಪ್ರಜೋಲ್‌ನಲ್ಲಿ ಇರುವುದು ಒಂದೇ, ‘ಎಸ್’ ರೂಪ. ಇನ್ನೊಂದಕ್ಕೆ ‘ಆರ್’ ರೂಪ ಅನ್ನುತ್ತಾರೆ. ಸುಮ್ನೆ ಹೈಡ್ರೋಜನ್ ಪೆರಾಕ್ಸೈಡ್ ಹಾಕಿ ಇಂಥ ಗಂಧಕವನ್ನು ಆಕ್ಸಿಡೈಸ್ ಮಾಡಿದರೆ ಎರಡೂ ಅರ್ಧರ್ಧ ಸಿಗುತ್ತವೆ, ಯಾಕೆಂದರೆ ಪೆರಾಕ್ಸೈಡ್‌ಗೆ ಎಡ ಬಲ ಗೊತ್ತಾಗುವುದಿಲ್ಲ.

ಕಿಣ್ವಕ್ಕೆ ಗೊತ್ತಾಗುತ್ತದೆ. ನನಗೆ ತುಂಬ ಇಷ್ಟವಾದ ಉದಾಹರಣೆ ನ್ಯಾಫ್ತಲೀನ್ ಡೈಆಕ್ಸಿಜನೇಸ್. ಹೌದು, ಬೀರುವಿನಲ್ಲಿ ಬಟ್ಟೆ ನಡುವೆ ಇಡುವ ಗುಳಿಗೆಯಲ್ಲಿರುತ್ತದಲ್ಲ, ಅದೇ ನ್ಯಾಫ್ತಲೀನ್. ಸ್ಯೂಡೋಮೊನಾಸ್ ಜಾತಿಯ ಕೆಲವು ಮಣ್ಣಿನ ಬ್ಯಾಕ್ಟೀರಿಯಾಗಳು ಅದನ್ನೇ ತಿಂದು ಬದುಕುತ್ತವೆ, ಆ ಊಟದ ಮೊದಲ ತುತ್ತು ಮುರಿಯುವುದು ಈ ಕಿಣ್ವ. ಗಾಳಿಯ ಆಕ್ಸಿಜನ್ ಅಣುವಿನ ಎರಡೂ ಪರಮಾಣುಗಳನ್ನು ತೆಗೆದು ನ್ಯಾಫ್ತಲೀನ್‌ನ ಉಂಗುರಕ್ಕೆ ಸೇರಿಸುತ್ತದೆ.

ಕೆಲಸ ನಡೆಯುವುದು ಒಂದೇ ಒಂದು ಕಬ್ಬಿಣದ ಪರಮಾಣುವಿನ ಮೇಲೆ. ಪ್ರೋಟೀನಿನ ಇಟ್ಟಿಗೆಗಳಾದ ಅಮೈನೋ ಆಮ್ಲಗಳಲ್ಲಿ ಮೂರು, ಎರಡು ಹಿಸ್ಟಿಡಿನ್, ಒಂದು ಆಸ್ಪಾರ್ಟೇಟ್, ಸೇರಿ ಅದನ್ನು ಹಿಡಿದಿರುತ್ತವೆ. ರಕ್ತದ ಹಿಮೋಗ್ಲೋಬಿನ್‌ನಲ್ಲಿ ಕಬ್ಬಿಣವನ್ನು ಹಿಡಿದಿರುವ ಉಂಗುರದಂಥ ಹೀಮ್ ಇಲ್ಲಿಲ್ಲ. ಎಲೆಕ್ಟ್ರಾನ್‌ಗಳು ಜೀವಕೋಶದಲ್ಲಿ ಅವನ್ನು ಹೊತ್ತೊಯ್ಯುವ ಎನ್‌ಎಡಿಎಚ್ ಅನ್ನುವ ಅಣುವಿನಿಂದ ಹೊರಟು, ರಿಡಕ್ಟೇಸ್, ಫೆರಡಾಕ್ಸಿನ್ ಅನ್ನುವ ಎರಡು ಸಹಾಯಕ ಪ್ರೋಟೀನುಗಳನ್ನು ದಾಟಿ, ಕಿಣ್ವದೊಳಗಿನ ಕಬ್ಬಿಣ–ಗಂಧಕದ ಗೊಂಚಲಿಗೆ ಬಂದು, ಅಲ್ಲಿಂದ ಆ ಒಂಟಿ ಕಬ್ಬಿಣಕ್ಕೆ ತಲುಪುತ್ತವೆ. ತಮಾಷೆ ಏನೆಂದರೆ, ಕಿಣ್ವದಲ್ಲಿ ಒಂದೇ ತರಹದ ಮೂರು ದೊಡ್ಡ ತುಂಡುಗಳಿವೆ, ಪ್ರತಿಯೊಂದರಲ್ಲೂ ಗೊಂಚಲೂ ಇದೆ, ಒಂಟಿ ಕಬ್ಬಿಣವೂ ಇದೆ, ಆದರೆ ಅವೆರಡರ ನಡುವೆ ಎಲೆಕ್ಟ್ರಾನ್ ದಾಟಲಾರದಷ್ಟು ದೂರ. ಪಕ್ಕದ ತುಂಡಿನ ಕಬ್ಬಿಣ ಮಾತ್ರ ಸುಮಾರು 12 ಆಂಗ್‌ಸ್ಟ್ರಾಮ್‌ನಲ್ಲೇ (ಒಂದು ಆಂಗ್‌ಸ್ಟ್ರಾಮ್ ಅಂದರೆ ಮೀಟರಿನ ಸಾವಿರ ಕೋಟಿಯಲ್ಲೊಂದು ಪಾಲು) ಸಿಗುತ್ತದೆ. ಆದ್ದರಿಂದ ಪ್ರತಿ ತುಂಡೂ ನೆರೆಯವನಿಗೇ ಎಲೆಕ್ಟ್ರಾನ್ ಕೊಡುತ್ತದೆ. 1998ರಲ್ಲಿ ಈ ರಚನೆಯನ್ನು ಪ್ರಕಟಿಸಿದ ತಂಡದಲ್ಲಿ ಎಸ್. ರಾಮಸ್ವಾಮಿ ಇದ್ದರು. ಮುಂದೆ ಬೆಂಗಳೂರಿನಲ್ಲಿ ಜೀವವಿಜ್ಞಾನ ಸಂಶೋಧನೆಗೆ ನೆರವಾಗುವ ಸಿ-ಕ್ಯಾಂಪ್ ಸಂಸ್ಥೆಯನ್ನು ಕಟ್ಟಿದವರು ಅವರೇ. 2003ರಲ್ಲಿ ಆಕ್ಸಿಜನ್ ಅಣು ಕಬ್ಬಿಣದ ಮೇಲೆ ಅಡ್ಡಡ್ಡ ಮಲಗಿರುವ ಚಿತ್ರವೂ ಸಿಕ್ಕಿತು.

ಈಗ ಇದೇ ಕಿಣ್ವಕ್ಕೆ ನ್ಯಾಫ್ತಲೀನ್ ಬದಲು ಮೀಥೈಲ್ ಫೀನೈಲ್ ಸಲ್ಫೈಡ್ ಕೊಡಿ. ಬೆಂಜೀನ್ ಉಂಗುರ, ಅದಕ್ಕೊಂದು ಗಂಧಕ, ಅದಕ್ಕೊಂದು ಮೀಥೈಲ್, ಅಷ್ಟೇ. ಕಬ್ಬಿಣದ ಹತ್ತಿರದ ಜಾಗದಲ್ಲಿ ಅದು ಕೂತಾಗ ಕಬ್ಬಿಣದ ಎದುರಿಗೆ ಬರುವುದು ಗಂಧಕ. ಆಗ ಒಂದು ಆಕ್ಸಿಜನ್ ಮಾತ್ರ ಗಂಧಕಕ್ಕೆ ಹೋಗುತ್ತದೆ, ಇನ್ನೊಂದು ನೀರಾಗಿಬಿಡುತ್ತದೆ. ಹೆಸರು ಡೈಆಕ್ಸಿಜನೇಸ್, ಮಾಡುವುದು ಮಾನೋ ಕೆಲಸ! ಒಂದು ಕಿಣ್ವಕ್ಕೆ ಒಂದೇ ಕೆಲಸ ಅಂತ ಪಠ್ಯದಲ್ಲಿ ಉರು ಹೊಡೆಸುತ್ತಾರಲ್ಲ, ಅದನ್ನು ಸ್ವಲ್ಪ ಸಡಿಲ ಮಾಡಿಕೊಳ್ಳುವುದು ಒಳ್ಳೆಯದು. ಬ್ಯಾಕ್ಟೀರಿಯಾಕ್ಕೆ ಇದರಿಂದ ಊಟವೇನೂ ಸಿಗುವುದಿಲ್ಲ.

ನಿಮ್ಮ ಪ್ರಶ್ನೆಗೆ ನಿಜವಾದ ಉತ್ತರ ಇಲ್ಲಿದೆ. ಸೂಕ್ಷ್ಮಜೀವಿ ವಿಜ್ಞಾನಿ ಡೇವಿಡ್ ಗಿಬ್ಸನ್ ಅವರ ತಂಡ 1995ರಲ್ಲಿ ಎರಡು ಕಿಣ್ವಗಳನ್ನು ಅಕ್ಕಪಕ್ಕ ಇಟ್ಟು ನೋಡಿತು: ಈ ನ್ಯಾಫ್ತಲೀನ್‌ನದು, ಇನ್ನೊಂದು ಟಾಲುಯೀನ್ ತಿನ್ನುವ ಬ್ಯಾಕ್ಟೀರಿಯಾದ್ದು. ಎರಡರಲ್ಲೂ ಅದೇ ಬಗೆಯ ಕಬ್ಬಿಣ, ಅದೇ ಬಗೆಯ ಗೊಂಚಲು. ಆದರೆ ಮೀಥೈಲ್ ಫೀನೈಲ್ ಸಲ್ಫೈಡ್ ಕೊಟ್ಟರೆ ಮೊದಲನೆಯದು ಮುಖ್ಯವಾಗಿ ‘ಎಸ್’ ರೂಪ ಕೊಡುತ್ತದೆ, ಎರಡನೆಯದು ‘ಆರ್’. ಅಂದರೆ ದಿಕ್ಕು ಆರಿಸುವುದು ಕಬ್ಬಿಣ ಅಲ್ಲ, ಅದರ ಸುತ್ತಲಿನ ಪ್ರೋಟೀನು. ಗಂಧಕದ ಯಾವ ಮುಖ ಕಬ್ಬಿಣದ ಕಡೆ ತಿರುಗಬೇಕು ಅನ್ನುವುದನ್ನು ಆ ಜಾಗದ ಗೋಡೆಗಳೇ ಗಟ್ಟಿ ಮಾಡಿಬಿಡುತ್ತವೆ. ಆ ಗೋಡೆಯ ಒಂದು ಅಮೈನೋ ಆಮ್ಲ ಬದಲಿಸಿದರೂ ಆಕ್ಸಿಜನ್ ಹೋಗಿ ಕೂರುವ ಜಾಗ ಬದಲಾಗಬಹುದು. ನ್ಯಾಫ್ತಲೀನ್ ಕಿಣ್ವದಲ್ಲಿ 352ನೇ ಫೀನೈಲಲನೀನ್ ಅಂಥದ್ದು.

ಅಪ್ಪನ ಮಾತ್ರೆ ಈ ಬ್ಯಾಕ್ಟೀರಿಯಾದಿಂದ ಬಂದದ್ದಲ್ಲ, ಹಾಗಂದುಕೊಳ್ಳಬೇಡಿ. ಎಸೊಮೆಪ್ರಜೋಲ್ ಮಾರುಕಟ್ಟೆಗೆ ಬಂದದ್ದು ಟೈಟಾನಿಯಂ ವೇಗವರ್ಧಕದ ದಾರಿಯಲ್ಲಿ. ಇನ್ನೊಂದು ಮಾತು, ಹೊಟ್ಟೆಯ ಆಮ್ಲ ಪಂಪಿನ ಹತ್ತಿರ ಎರಡೂ ರೂಪಗಳು ಎಡ–ಬಲ ಭೇದವಿಲ್ಲದ ಒಂದೇ ಅಣುವಾಗಿ ಬದಲಾಗಿ ಕೆಲಸ ಮಾಡುತ್ತವೆ. ವ್ಯತ್ಯಾಸ ಇರುವುದು ಲಿವರ್‌ನಲ್ಲಿ. ಅದು ‘ಎಸ್’ ರೂಪವನ್ನು ನಿಧಾನವಾಗಿ ಖಾಲಿ ಮಾಡುತ್ತದೆ, ಹಾಗಾಗಿ ರಕ್ತದಲ್ಲಿ ಜಾಸ್ತಿ ಉಳಿಯುತ್ತದೆ. ಖಾಲಿ ಮಾಡುವವರಲ್ಲಿ ಒಂದು ಸಿವೈಪಿ3ಎ4 ಅನ್ನುವ ಕಿಣ್ವ. ಅದು ಅದೇ ಗಂಧಕಕ್ಕೆ ಇನ್ನೊಂದು ಆಕ್ಸಿಜನ್ ಸೇರಿಸುತ್ತದೆ. ಅದೂ ಕಬ್ಬಿಣದ್ದೇ, ಈ ಸಲ ಹೀಮ್ ಇರುವಂಥದ್ದು.

ಪ್ರಶ್ನೆ: ಇಂಥ ಬ್ಯಾಕ್ಟೀರಿಯಾ ಬಿಟ್ಟು ಡೀಸೆಲ್‌ನ ಗಂಧಕ ತೆಗೆಯಬಹುದಲ್ವಾ?
– ಓದುಗರು, ಮಂಗಳೂರು

ಉತ್ತರ: ಮೇಲಿನ ಕಿಣ್ವದಿಂದ ಆಗುವುದಿಲ್ಲ. ಡೀಸೆಲ್‌ನ ಡೈಬೆಂಜೋಥಯೋಫೀನ್‌ನಲ್ಲಿರುವ ಗಂಧಕಕ್ಕೆ ಅದು ಆಕ್ಸಿಜನ್ ಅಂಟಿಸಬಹುದು, ಕಿತ್ತು ಹಾಕುವುದಿಲ್ಲ. ಕೀಳುವುದು ರೋಡೋಕಾಕಸ್ ಅನ್ನುವ ಬೇರೆ ಬ್ಯಾಕ್ಟೀರಿಯಾ, ಇಂಗಾಲದ ಚೌಕಟ್ಟನ್ನು ಮುರಿಯದೆ ಗಂಧಕ ಮಾತ್ರ ತೆಗೆಯುತ್ತದೆ. ಅದರಲ್ಲಿ ಆಕ್ಸಿಜನ್ ಸೇರಿಸುವುದು ಕಬ್ಬಿಣ ಅಲ್ಲ, ಬಿ2 ವಿಟಮಿನ್‌ನಿಂದ ಆಗುವ ಫ್ಲೇವಿನ್ ಅನ್ನುವ ಅಣು. ಆದರೆ ಅದಕ್ಕೆ ನೀರು ಬೇಕು, ಕೆಲಸವೂ ನಿಧಾನ. 2020ರ ಏಪ್ರಿಲ್‌ನಿಂದ, ಭಾರತದ ವಾಹನ ಹೊಗೆ ಮಾನದಂಡವಾದ ಬಿಎಸ್-6ರ ಡೀಸೆಲ್‌ನಲ್ಲಿ ಗಂಧಕ 10 ಪಿಪಿಎಂ (ಹತ್ತು ಲಕ್ಷದಲ್ಲಿ ಹತ್ತು ಭಾಗ) ದಾಟುವಂತಿಲ್ಲ. ಅಷ್ಟು ಇಳಿಸಲು ರಿಫೈನರಿಗಳು ಹೆಚ್ಚಿನ ಶಾಖ, ಒತ್ತಡದಲ್ಲಿ ಹೈಡ್ರೋಜನ್ನನ್ನೇ ಬಳಸುತ್ತವೆ.