ನರ್ಸರಿ, ಖಾನಾವಳಿ ಮತ್ತು ಎರಡು ದಿನದ ಹುಬ್ಬಳ್ಳಿ-ಧಾರವಾಡ: ಓದುಗರ ಪ್ರಶ್ನೆಗಳಿಗೆ ಉತ್ತರ

ಮಿರಗದ ಮಳೆ ಹಿಡಿದ ಮೇಲೆ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಹೆಚ್ಚಿನವು ಸಸಿಗಳ ಕುರಿತಾಗಿರುತ್ತವೆ. ಈ ಸಲ ಹಲವರು ಸಸಿಯ ಜೊತೆಗೆ ಊಟದ ವಿಷಯವನ್ನೂ ಕೇಳಿರುವುದರಿಂದ ಎರಡಕ್ಕೂ ಒಟ್ಟಿಗೆ ಉತ್ತರಿಸಿದ್ದೇನೆ.

ಪ್ರಶ್ನೆ: ಹೊಸದಾಗಿ ಕಟ್ಟಿಸಿದ ಮನೆಯ ಸುತ್ತ ಸ್ವಲ್ಪ ಜಾಗ ಉಳಿದಿದೆ. ಜುಲೈ ತಿಂಗಳಲ್ಲಿ ಒಂದು ಶನಿವಾರ ಮತ್ತು ಭಾನುವಾರ ಕುಟುಂಬದೊಂದಿಗೆ ಹುಬ್ಬಳ್ಳಿ-ಧಾರವಾಡಕ್ಕೆ ಬಂದು, ನರ್ಸರಿಗಳನ್ನು ನೋಡಿಕೊಂಡು, ಒಳ್ಳೆಯ ಊಟ ಮಾಡಿ ಹೋಗಬೇಕೆಂದಿದ್ದೇವೆ. ಎಲ್ಲಿಂದ ಆರಂಭಿಸಬೇಕು? (ಓದುಗರು, ರಾಣೆಬೆನ್ನೂರು)

ಉತ್ತರ: ಶನಿವಾರ ಬೆಳಿಗ್ಗೆ ನೇರವಾಗಿ ಧಾರವಾಡಕ್ಕೆ ಬನ್ನಿ, ಹುಬ್ಬಳ್ಳಿಯನ್ನು ಭಾನುವಾರಕ್ಕೆ ಇಟ್ಟುಕೊಳ್ಳಿ. ಕಾರಣ ಸರಳವಾದದ್ದು. ನಂಬಿಕೆಯ ತಾಯಿಗಿಡದಿಂದ ಮಾಡಿದ ಹಣ್ಣಿನ ಸಸಿಗಳು ಬೇಕಾದರೆ 1986ರಲ್ಲಿ ಸ್ಥಾಪನೆಯಾದ ಕೃಷಿ ವಿಶ್ವವಿದ್ಯಾಲಯಕ್ಕೋ, ತೋಟಗಾರಿಕೆ ಇಲಾಖೆಯ ಕುಂಬಾಪುರ ಕ್ಷೇತ್ರಕ್ಕೋ ಹೋಗುವುದು ಉತ್ತಮ, ಆದರೆ ಇಂಥ ಕಡೆ ಭಾನುವಾರ ಮಾರಾಟ ಇರುತ್ತದೆಂದು ನೆಚ್ಚಿಕೊಂಡು ಬರಬಾರದು. ತಿಂಗಳ ಎರಡನೆಯ ಮತ್ತು ನಾಲ್ಕನೆಯ ಶನಿವಾರ ರಾಜ್ಯ ಸರ್ಕಾರಿ ಕಚೇರಿಗಳಿಗೆ ರಜೆ ಇರುವುದರಿಂದ ಆ ವಾರಗಳನ್ನು ಬಿಟ್ಟು ದಿನ ಗೊತ್ತುಮಾಡಿ, ಹೊರಡುವ ಮೊದಲು ನಿಮಗೆ ಬೇಕಾದ ಸಸಿ ಇದೆಯೇ ಎಂದು ಫೋನ್ ಮಾಡಿ ವಿಚಾರಿಸಿ. ಭಾರತ-ಇಸ್ರೇಲ್ ಸಹಯೋಗದ ತರಕಾರಿ ಕೇಂದ್ರ ಇರುವುದೂ ಕುಂಬಾಪುರದಲ್ಲಿಯೇ. ಕೈತೋಟಕ್ಕೆ ಬದನೆ, ಟೊಮೆಟೊ, ಮೆಣಸಿನಕಾಯಿ ಸಸಿಗಳು ಬೇಕಾದವರು ಅಲ್ಲಿಯೂ ಕೇಳಿ ನೋಡಬಹುದು.

ಖಾಸಗಿ ನರ್ಸರಿಗಳು ಬಹುಪಾಲು ಭಾನುವಾರವೂ ತೆರೆದಿರುತ್ತವೆ, ಅಲಂಕಾರಿಕ ಗಿಡಗಳ ಆಯ್ಕೆಯೂ ಅಲ್ಲಿಯೇ ಹೆಚ್ಚು. ಆದರೆ ಅಲ್ಲಿ ಕಾಲಿಟ್ಟ ಕೂಡಲೇ ಹೂವಿನ ಕಡೆಗೆ ಓಡಬೇಡಿ. ಮೊದಲು ಕೇಳಬೇಕಾದ ಪ್ರಶ್ನೆ, ಈ ಗಿಡ ಎಲ್ಲಿ ಬೆಳೆದದ್ದು ಮತ್ತು ಇಲ್ಲಿಗೆ ಬಂದು ಎಷ್ಟು ದಿನವಾಯಿತು ಎಂಬುದು. ನಮ್ಮ ಭಾಗದ ಅನೇಕ ನರ್ಸರಿಗಳಿಗೆ ಗಿಡಗಳು ಆಂಧ್ರದ ರಾಜಮಂಡ್ರಿ ಸಮೀಪದ ಕಡಿಯಂನಿಂದ, ಪುಣೆಯಿಂದ, ಬೆಂಗಳೂರಿನಿಂದ ಲಾರಿಯಲ್ಲಿ ಬರುತ್ತವೆ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ನಿನ್ನೆ ಲಾರಿಯಿಂದ ಇಳಿದ ಗಿಡವೂ, ಒಂದು ತಿಂಗಳು ಧಾರವಾಡದ ಗಾಳಿಗೆ ಮೈಯೊಡ್ಡಿ ಹೊಸ ಚಿಗುರು ಬಿಟ್ಟ ಗಿಡವೂ ಒಂದೇ ಬೆಲೆಗೆ ಸಿಗುವಾಗ ಎರಡನೆಯದನ್ನು ಆರಿಸಿಕೊಳ್ಳುವುದು ಜಾಣತನ. ಸಸಿಯ ಚೀಲದ ಮಣ್ಣನ್ನು ಬೆರಳಿನಿಂದ ಒತ್ತಿ ನೋಡಿ. ಅಂಟು ಜೇಡಿ ಗಟ್ಟಿಯಾಗಿ ಮುದ್ದೆಗಟ್ಟಿದ್ದರೆ ಮನೆಯಲ್ಲಿ ಹಾಕಿದ ನೀರು ಆ ಮುದ್ದೆಯ ಸುತ್ತ ಹರಿದುಹೋಗಿ ಬೇರು ಒಣಗಿಯೇ ಉಳಿಯುತ್ತದೆ. ಅಂಥ ಗಿಡವನ್ನು ಕೊಂಡರೆ ನೆಡುವ ಮೊದಲು ಮಣ್ಣಿನ ಮುದ್ದೆಯನ್ನು ನೀರಿನಲ್ಲಿ ನೆನೆಯಿಟ್ಟು, ಹೊರಗಿನ ಪದರವನ್ನು ಬೇರು ಹರಿಯದಂತೆ ಮೆಲ್ಲನೆ ಸಡಿಲಿಸಬೇಕು.

ಇನ್ನು ಊಟದ ಮಾತು. ಶನಿವಾರ ಮಧ್ಯಾಹ್ನದ ಊಟವನ್ನು ಧಾರವಾಡದ ರೊಟ್ಟಿ ಖಾನಾವಳಿಯಲ್ಲಿ ಮಾಡಿ. ಬಸಪ್ಪ ಖಾನಾವಳಿಯ ಹೆಸರನ್ನು ನೀವೂ ಕೇಳಿರುತ್ತೀರಿ, ಅದಲ್ಲದೆ ಚಿಕ್ಕ ಚಿಕ್ಕ ಖಾನಾವಳಿಗಳು ಊರತುಂಬ ಇವೆ. ಯಾವುದಕ್ಕೆ ಹೋದರೂ ಒಂದೂವರೆ ಗಂಟೆಯ ಒಳಗೆ ಹೋಗುವುದು ಒಳ್ಳೆಯದು, ಏಕೆಂದರೆ ಜನಸಂದಣಿ ಇರುವ ಹೊತ್ತಿನಲ್ಲಿ ರೊಟ್ಟಿ ಹಂಚಿನಿಂದ ನೇರವಾಗಿ ತಾಟಿಗೆ ಬರುತ್ತದೆ. ಎಣ್ಣೆಗಾಯಿ, ಮಡಿಕೆ ಕಾಳಿನ ಪಲ್ಯ, ಝುಣಕ, ಶೇಂಗಾ ಚಟ್ನಿ, ಗುರೆಳ್ಳು ಪುಡಿ, ಗಟ್ಟಿ ಮೊಸರು, ಪಕ್ಕದಲ್ಲಿ ಹಸಿ ಮೆಂತ್ಯದ ಸೊಪ್ಪು, ಸೌತೆಕಾಯಿ, ಉಳ್ಳಾಗಡ್ಡಿ. ಆ ತಾಟನ್ನು ಒಮ್ಮೆ ಗಮನವಿಟ್ಟು ನೋಡಿದರೆ ನಿಮ್ಮ ಕೈತೋಟದಲ್ಲಿ ಏನು ಹಾಕಬೇಕೆಂಬುದರ ಅರ್ಧ ಪಟ್ಟಿ ಅಲ್ಲಿಯೇ ಸಿಗುತ್ತದೆ. ನಮ್ಮ ಹವಾಮಾನಕ್ಕೆ ಹೊಂದಿಕೊಂಡ ಬದನೆ, ಮೆಂತ್ಯ, ಸೌತೆಗಳನ್ನು ಬಿಟ್ಟು ಮಲೆನಾಡಿನ ತಂಪು ಬೇಡುವ ಆಂಥೂರಿಯಂ ಹಾಗೂ ಜರಿಗಿಡಗಳಿಗೆ ಹಣ ಸುರಿಯುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ. ಧಾರವಾಡದ ನೆರಳಿನಲ್ಲಿ ಹಸಿರಾಗಿ ಕಾಣುವ ಜರಿಗಿಡ ರಾಣೆಬೆನ್ನೂರಿನ ಏಪ್ರಿಲ್ ಬಿಸಿಲಿಗೆ ಸಾಮಾನ್ಯವಾಗಿ ಉಳಿಯುವುದಿಲ್ಲ.

ಭಾನುವಾರ ಹುಬ್ಬಳ್ಳಿಯ ನರ್ಸರಿಗಳನ್ನು ಬೆಳಿಗ್ಗೆಯೇ ಮುಗಿಸಿ, ಉಣಕಲ್ ಕೆರೆಯ ದಂಡೆಯಲ್ಲಿ ಸ್ವಲ್ಪ ಹೊತ್ತು ಕುಳಿತು, ಸಂಜೆ ದುರ್ಗದಬೈಲಿಗೆ ಹೋಗಿ. ಅಲ್ಲಿ ಗಿರಮಿಟ್ ತಿನ್ನುವಾಗ ಮಾಡುವವರ ಕೈಯನ್ನು ನೋಡಿ. ಉಳ್ಳಾಗಡ್ಡಿ, ಟೊಮೆಟೊ, ಹಸಿ ಮೆಣಸಿನಕಾಯಿ, ಹುಣಸೆ, ಬೆಲ್ಲ ಹಾಕಿ ಮೊದಲೇ ಕುದಿಸಿಟ್ಟ ಗೊಜ್ಜನ್ನು ಚುರುಮುರಿಗೆ ಹಾಕಿ, ಪುಠಾಣಿ ಹಿಟ್ಟು ಉದುರಿಸಿ ಕಲಸಿ, ಮೇಲೆ ಹಸಿ ಉಳ್ಳಾಗಡ್ಡಿ, ಕೊತ್ತಂಬರಿ, ಸೇವು ಹಾಕಿ, ಜೊತೆಗೊಂದು ಬಿಸಿ ಮಿರ್ಚಿ ಇಟ್ಟು ಕೊಡುತ್ತಾರೆ. ಚುರುಮುರಿ ಇನ್ನೂ ಗರಿಗರಿಯಾಗಿರುವಾಗಲೇ ತಿನ್ನಬೇಕು, ಕಟ್ಟಿಸಿಕೊಂಡು ರೈಲಿನಲ್ಲಿ ತಿಂದರೆ ಆ ರುಚಿ ಸಿಗದು.

ಪ್ರಶ್ನೆ: ನಮ್ಮದು ಎರೆ ಭೂಮಿ. ಮನೆಯ ಹಿತ್ತಲಲ್ಲಿ ಎರಡು ಆಪೂಸ್ ಮಾವಿನ ಗಿಡ ಹಚ್ಚಬೇಕೆಂದಿದ್ದೇನೆ. ಹಿಂದೆ ತಂದ ಗಿಡ ಆಳೆತ್ತರ ಬೆಳೆದ ಮೇಲೆ ಕಾಡು ಮಾವು ಎಂದು ಗೊತ್ತಾಯಿತು. ಕಸಿ ಗಿಡವನ್ನು ಗುರುತಿಸುವುದು ಹೇಗೆ? (ಓದುಗರು, ಗದಗ)

ಉತ್ತರ: ಇದು ಬಹಳ ಜನರಿಗೆ ಆಗಿರುವ ನಷ್ಟ, ಅದಕ್ಕಾಗಿ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ. ಸಸಿಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು, ಮಣ್ಣಿನಿಂದ ಒಂದು ಗೇಣಿನವರೆಗಿನ ಕಾಂಡವನ್ನು ಪರೀಕ್ಷಿಸಿ. ನಮ್ಮಲ್ಲಿ ಸಾಮಾನ್ಯವಾಗಿ ಮೆದುಕಾಂಡದ ಕಸಿ ಮಾಡುತ್ತಾರೆ, ಅಂದರೆ ಓಟೆಯಿಂದ ಹುಟ್ಟಿದ ಸಸಿಯ ಎಳೆಯ ಕಾಂಡವನ್ನು ಕತ್ತರಿಸಿ, ನಡುವೆ ಸೀಳಿ, ಒಳ್ಳೆಯ ಜಾತಿಯ ಕಡ್ಡಿಯನ್ನು ಬೆಣೆಯಾಕಾರದಲ್ಲಿ ಕೆತ್ತಿ ಆ ಸೀಳಿನಲ್ಲಿ ಕೂಡಿಸಿ, ಪ್ಲಾಸ್ಟಿಕ್ ಪಟ್ಟಿ ಸುತ್ತಿ ಕಟ್ಟುತ್ತಾರೆ. ಬೆಸುಗೆ ಕೂಡಿದ ಜಾಗದಲ್ಲಿ ಬೆಣೆಯ ಗುರುತು, ಸ್ವಲ್ಪ ಉಬ್ಬು ಮತ್ತು ತೊಗಟೆಯ ಬಣ್ಣದಲ್ಲಿ ವ್ಯತ್ಯಾಸ ಕಾಣಲೇಬೇಕು. ಬೇರಿನಿಂದ ತುದಿಯವರೆಗೆ ಒಂದೇ ನುಣುಪಾದ ಕಾಂಡವಿದ್ದರೆ ಅದು ಬೀಜದ ಸಸಿ, ಮಾರುವವರು ಏನೇ ಹೇಳಿದರೂ ತೆಗೆದುಕೊಳ್ಳಬೇಡಿ.

ಗುರುತು ಕಂಡರೆ ಸಾಲದು. ಎಲೆಗಳು ಬೆಸುಗೆಯ ಮೇಲಿನ ಭಾಗದಿಂದ ಬಂದಿವೆಯೇ ಎಂಬುದನ್ನು ನೋಡಿ, ಏಕೆಂದರೆ ಕಸಿ ಕಡ್ಡಿ ಸತ್ತು ಕೆಳಗಿನ ಕಾಡುಸಸಿಯೇ ಚಿಗುರಿರುವ ಗಿಡಗಳೂ ಮಾರಾಟಕ್ಕೆ ನಿಂತಿರುತ್ತವೆ. ನಿಮ್ಮ ಹಿಂದಿನ ಗಿಡಕ್ಕೆ ಹೀಗೆಯೇ ಆಗಿದ್ದರೂ ಆಶ್ಚರ್ಯವಿಲ್ಲ. ಮೇಲಿನ ಮತ್ತು ಕೆಳಗಿನ ಕಾಂಡ ಹೆಚ್ಚುಕಡಿಮೆ ಸಮ ದಪ್ಪವಾಗಿರಬೇಕು. ಪ್ಲಾಸ್ಟಿಕ್ ಪಟ್ಟಿ ಇನ್ನೂ ಉಳಿದು ಕಾಂಡವನ್ನು ಬಿಗಿಯುತ್ತಿದ್ದರೆ ಬ್ಲೇಡಿನಿಂದ ಮೆಲ್ಲನೆ ಬಿಡಿಸಬೇಕು. ಚೀಲದ ತಳದಿಂದ ದಪ್ಪ ಬೇರು ಹೊರಬಂದು ನೆಲಕ್ಕೆ ಇಳಿದಿರುವ ಗಿಡವನ್ನು ಎತ್ತುವಾಗ ಆ ಬೇರು ಹರಿಯುತ್ತದೆ, ಅಂಥದ್ದನ್ನು ಬಿಟ್ಟುಬಿಡಿ.

ಎರೆ ಭೂಮಿಯಲ್ಲಿ ದೊಡ್ಡ ಗುಂಡಿ ತೋಡಿ ಮರಳು, ಗೊಬ್ಬರ ತುಂಬಿದರೆ ಸಾಕು ಎಂಬ ನಂಬಿಕೆ ಇದೆ. ಸುತ್ತಲಿನ ಎರೆ ನೀರನ್ನು ಬೇಗ ಒಳಗೆ ಬಿಡುವುದಿಲ್ಲವಾದ್ದರಿಂದ ಮಳೆಗಾಲದಲ್ಲಿ ಆ ಗುಂಡಿ ಬಾವಿಯಂತೆ ತುಂಬಿ ನಿಂತು ಬೇರು ಕೊಳೆಯುತ್ತದೆ. ತೆಗೆದ ಮಣ್ಣಿಗೇ ಕೊಳೆತ ಸಗಣಿ ಗೊಬ್ಬರ ಬೆರೆಸಿ, ನೆಲಮಟ್ಟಕ್ಕಿಂತ ಒಂದು ಅಡಿಯಾದರೂ ಎತ್ತರದ ದಿಬ್ಬ ಮಾಡಿ, ಅದರ ಮೇಲೆ ಬೆಸುಗೆ ಮಣ್ಣಿನಿಂದ ಹೊರಗಿರುವಂತೆ ನೆಡಿ. ಬೆಸುಗೆಯ ಕೆಳಗೆ ಬರುವ ಚಿಗುರನ್ನು ಕಂಡಾಗಲೆಲ್ಲ ಚಿವುಟಬೇಕು, ಮೊದಲ ಎರಡು ಮೂರು ವರ್ಷ ಹೂವನ್ನೂ ಉಳಿಸಬಾರದು.

ಕೊನೆಗೊಂದು ಸಲಹೆ. ಸಾಂಪ್ರದಾಯಿಕ ಲೆಕ್ಕದಲ್ಲಿ ಆಪೂಸ್ ಗಿಡಗಳ ನಡುವೆ 10 ಮೀಟರ್ ಅಂತರ ಬೇಕು, ಒಂದು ವರ್ಷ ಫಲ ಕೊಟ್ಟರೆ ಮರುವರ್ಷ ಕಡಿಮೆ ಕೊಡುವ ಸ್ವಭಾವವೂ ಅದಕ್ಕಿದೆ. ಹಿತ್ತಲು ಚಿಕ್ಕದಾಗಿದ್ದರೆ ಒಂದು ಆಪೂಸ್, ಒಂದು ಆಮ್ರಪಾಲಿ ಹಚ್ಚಿ. ದಶೇರಿ ಮತ್ತು ನೀಲಂ ತಳಿಗಳನ್ನು ಕೂಡಿಸಿ ಮಾಡಿದ ಆಮ್ರಪಾಲಿ ಗಿಡ್ಡವಾಗಿ ಬೆಳೆಯುತ್ತದೆ, ವರ್ಷವೂ ಕಾಯಿ ಬಿಡುತ್ತದೆ.

ಪ್ರಶ್ನೆ: ನರ್ಸರಿಯಿಂದ ತಂದಾಗ ಮೈತುಂಬ ಹೂವಿದ್ದ ಗುಲಾಬಿ ಈಗ ಉದ್ದುದ್ದ ಕೊಂಬೆ ಬಿಟ್ಟು ಬೆಳೆಯುತ್ತಿದೆ, ಒಂದು ಮೊಗ್ಗೂ ಇಲ್ಲ. ಗೊಬ್ಬರ ಕಡಿಮೆಯಾಯಿತೇ? (ಓದುಗರು, ಹಾವೇರಿ)

ಉತ್ತರ: ಗೊಬ್ಬರ ಹಾಕುವ ಮೊದಲು ಆ ಉದ್ದನೆಯ ಕೊಂಬೆಗಳು ಎಲ್ಲಿಂದ ಹೊರಟಿವೆ ಎಂದು ನೋಡಿ. ಗುಲಾಬಿಯಲ್ಲಿ ಕಾಡುಜಾತಿಯ ಬೇರುಗಿಡದ ಮೇಲೆ ಒಳ್ಳೆಯ ಜಾತಿಯ ಕಣ್ಣನ್ನು ಕೂಡಿಸಿರುತ್ತಾರೆ. ಆ ಕಣ್ಣು ಕೂಡಿದ ಗಂಟಿನ ಕೆಳಗಿನಿಂದ ಬಂದ ಕೊಂಬೆಗಳು ಕಾಡುಗುಲಾಬಿಯವು, ಅವು ಗಿಡದ ಬಲವನ್ನೆಲ್ಲ ಹೀರಿಕೊಂಡು ಮೇಲಿನ ಭಾಗವನ್ನು ಸಾಯಿಸುತ್ತವೆ. ಅವನ್ನು ಹೊರಟ ಜಾಗದಿಂದಲೇ ಕಿತ್ತು ತೆಗೆಯಿರಿ, ಅರ್ಧಕ್ಕೆ ಕತ್ತರಿಸಿದರೆ ಮತ್ತಷ್ಟು ಚಿಗುರುತ್ತವೆ. ಗಂಟಿನ ಮೇಲೆ ಹಸಿರೇ ಉಳಿದಿಲ್ಲವಾದರೆ ಆ ಗಿಡದ ಆಸೆ ಬಿಡಬೇಕಾಗುತ್ತದೆ.

ಮುಂದಿನ ಸಲ ಮೈತುಂಬ ಹೂವಿರುವ ಗಿಡದ ಬದಲು ಗಂಟಿನ ಮೇಲೆ ಎರಡು ಮೂರು ಗಟ್ಟಿ ಕೊಂಬೆ, ಕೆಲವೇ ಮೊಗ್ಗು ಇರುವ ಗಿಡವನ್ನು ಆರಿಸಿ. ತಂದ ದಿನವೇ ಕುಂಡ ಬದಲಿಸದೆ ಒಂದು ವಾರ ಅರೆನೆರಳಿನಲ್ಲಿಟ್ಟು, ಆಮೇಲೆ ಮಸಾರಿ ಮಣ್ಣು, ಕೊಳೆತ ಗೊಬ್ಬರ, ಸ್ವಲ್ಪ ಮರಳು ಬೆರೆಸಿದ ಕುಂಡಕ್ಕೆ ಹಾಕಿ, ದಿನಕ್ಕೆ ಆರು ತಾಸು ಬಿಸಿಲು ಬೀಳುವಲ್ಲಿಡಿ. ಬರೀ ಎರೆ ಮಣ್ಣನ್ನು ಕುಂಡಕ್ಕೆ ತುಂಬಬೇಡಿ. ಅದು ನೀರಿಗೆ ಉಬ್ಬಿ, ಒಣಗಿದಾಗ ಬಿರುಕುಬಿಟ್ಟು ಎಳೆಬೇರನ್ನು ಹರಿಯುತ್ತದೆ.

ಪ್ರಶ್ನೆ: ಮೈಸೂರಿನಿಂದ ಬೀಗರು ಬರುತ್ತಿದ್ದಾರೆ. ಕಿರಿಯರಿಗೆ ಸಾವಜಿ ಊಟ ಮಾಡಬೇಕೆಂಬ ಆಸೆ, ಹಿರಿಯರು ಸಸ್ಯಾಹಾರಿಗಳು, ಖಾರ ತಡೆಯುವವರಲ್ಲ. ಎಲ್ಲರನ್ನೂ ಒಂದೇ ಕಡೆ ಕರೆದೊಯ್ಯಬಹುದೇ? (ಓದುಗರು, ಹುಬ್ಬಳ್ಳಿ)

ಉತ್ತರ: ಒಂದೇ ಕಡೆಗೆ ಬೇಡ. ಸಾವಜಿ ಖಾನಾವಳಿ ಎಂದರೆ ಸೋಮವಂಶ ಸಹಸ್ರಾರ್ಜುನ ಕ್ಷತ್ರಿಯ ಸಮಾಜದವರ ಮಾಂಸದೂಟದ ಪರಂಪರೆ, ಕೊಬ್ಬರಿ, ಬೆಳ್ಳುಳ್ಳಿ, ಮಸಾಲೆ ಹುರಿದು ಅರೆದ ಕೆಂಪು ರಸದ ಖಾರವೇ ಅದರ ಜೀವ. ಹಿರಿಯರನ್ನು ಅಲ್ಲಿ ಕೂಡಿಸಿ ಬರೀ ಅನ್ನ-ಮೊಸರು ಉಣ್ಣಿಸುವುದು ಅತಿಥಿಸತ್ಕಾರವಾಗುವುದಿಲ್ಲ. ಮಧ್ಯಾಹ್ನ ಎಲ್ಲರೂ ಒಟ್ಟಿಗೆ ರೊಟ್ಟಿ ಊಟ ಮಾಡಿ, ಹಿರಿಯರಿಗೆ ಕಡಕ್ ರೊಟ್ಟಿಯ ಬದಲು ಬಿಸಿ ಮೆತ್ತನೆಯ ರೊಟ್ಟಿ ಅಥವಾ ಚಪಾತಿ ಹೇಳಿ, ಚಟ್ನಿ ಪುಡಿಗೆ ಮೊಸರು ಕಲಸಿಕೊಳ್ಳಲು ತಿಳಿಸಿ. ರಾತ್ರಿ ಕಿರಿಯರಷ್ಟೇ ಸಾವಜಿಗೆ ಹೋಗಲಿ. ಹೊಸಬರು ರಸವನ್ನು ಅನ್ನದ ಮೇಲೆ ಒಮ್ಮೆಲೇ ಸುರಿದುಕೊಳ್ಳದೆ, ಬಟ್ಟಲಿನಲ್ಲಿ ಬೇರೆ ಇಟ್ಟುಕೊಂಡು ರೊಟ್ಟಿಯ ತುಣುಕನ್ನು ಅದ್ದಿ ಆರಂಭಿಸಿದರೆ ಖಾರದ ಹಿಂದಿನ ಮಸಾಲೆಯ ರುಚಿಯೂ ತಿಳಿಯುತ್ತದೆ.

ಪ್ರಶ್ನೆ: ಕರಿಬೇವಿನ ಗಿಡ ಚಳಿಗಾಲದಲ್ಲಿ ಚಿಗುರುವುದೇ ಇಲ್ಲ. ಯಾವ ಜಾತಿ ತರಬೇಕು? (ಓದುಗರು, ಶಿಗ್ಗಾವಿ)

ಉತ್ತರ: ಧಾರವಾಡದ ಕೃಷಿ ವಿಶ್ವವಿದ್ಯಾಲಯವೇ ಎರಡು ಕರಿಬೇವಿನ ತಳಿಗಳನ್ನು ಕೊಟ್ಟಿದೆ. ಧಾರವಾಡ-1ರ ಎಲೆಯಲ್ಲಿ ಎಣ್ಣೆಯಂಶ ಹೆಚ್ಚು, ಆದರೆ ಚಳಿಗೆ ಅದರ ಚಿಗುರು ನಿಂತುಹೋಗುತ್ತದೆ. ಸುವಾಸಿನಿ ಎಂದು ಕರೆಯುವ ಧಾರವಾಡ-2 ಚಳಿಯಲ್ಲೂ ಚಿಗುರುವುದರಿಂದ ನಿಮಗೆ ಅದೇ ಸರಿ. ಎಲೆಗಳನ್ನು ಒಂದೊಂದಾಗಿ ಹರಿಯುವ ಬದಲು ಕೊಂಬೆಯ ತುದಿಯನ್ನೇ ಕತ್ತರಿಸಿ ಬಳಸಿದರೆ ಗಿಡ ಪೊದೆಯಾಗಿ ಕವಲೊಡೆಯುತ್ತದೆ.

ಪ್ರಶ್ನೆ: ಸಸಿ ಮತ್ತು ಪೇಡೆ ಎರಡನ್ನೂ ಕೊಂಡು ಬಸ್ಸಿನಲ್ಲಿ ಮರಳುವವರು ಏನು ಜಾಗ್ರತೆ ವಹಿಸಬೇಕು? (ಓದುಗರು, ಲಕ್ಷ್ಮೇಶ್ವರ)

ಉತ್ತರ: ಸಸಿಗಳನ್ನು ಬಸ್ಸಿನ ಮೇಲೆ ಹಾಕಿಸಬೇಡಿ, ಬೈಕಿನ ಹಿಂದೆ ಕಟ್ಟಬೇಡಿ. ಓಡುವ ವಾಹನದ ಗಾಳಿ ತಾಸೊತ್ತಿನಲ್ಲಿ ಎಳೆಯ ಎಲೆಗಳನ್ನು ಸುಟ್ಟಂತೆ ಒಣಗಿಸುತ್ತದೆ. ತರಕಾರಿ ಕ್ರೇಟಿನಲ್ಲಿ ನೆಟ್ಟಗೆ ನಿಲ್ಲಿಸಿ, ಸಂದಿಗೆ ಒದ್ದೆ ಗೋಣಿ ತುರುಕಿ, ಎಲೆಗಳ ಸುತ್ತ ಹಳೆಯ ಪತ್ರಿಕೆ ಸಡಿಲವಾಗಿ ಸುತ್ತಿ. ಧಾರವಾಡದಿಂದ ಹುಬ್ಬಳ್ಳಿಗೆ ಚಿಗರಿ ಬಸ್ಸಿನಲ್ಲಿ ಬರುವುದಾದರೆ ಕಚೇರಿ ಬಿಡುವ ಹೊತ್ತನ್ನು ತಪ್ಪಿಸಿ. ರೈಲಿನವರಿಗೂ ಒಂದು ಮಾತು: ಹುಬ್ಬಳ್ಳಿ ನಿಲ್ದಾಣದ ದೊಡ್ಡ ಪ್ಲಾಟ್‌ಫಾರ್ಮ್ 1507 ಮೀಟರ್ ಉದ್ದವಿದೆ, ಬೋಗಿ ಎಲ್ಲಿ ನಿಲ್ಲುತ್ತದೆಂದು ಮೊದಲೇ ಕೇಳಿಕೊಳ್ಳದಿದ್ದರೆ ಕ್ರೇಟ್ ಹೊತ್ತು ಬಹಳ ದೂರ ನಡೆಯಬೇಕಾದೀತು.

ಪೇಡೆಯನ್ನು ಲೈನ್ ಬಜಾರಿನಲ್ಲಿ ಕೊಳ್ಳುವವರು ಸಾಲಿನಲ್ಲಿ ನಿಲ್ಲುವ ಸಮಯವನ್ನೂ ಲೆಕ್ಕದಲ್ಲಿಟ್ಟುಕೊಳ್ಳಬೇಕು. ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಧಾರವಾಡ ಪೇಡೆಯಲ್ಲಿ ಖೋವಾವನ್ನು ಕಂದು ಬಣ್ಣ ಬರುವವರೆಗೆ ಹುರಿದು ನೀರಿನಂಶ ಇಳಿಸಿರುತ್ತಾರೆ, ಅದರಿಂದಲೇ ಅದು ಬೇರೆ ಹಾಲಿನ ಸಿಹಿಗಳಿಗಿಂತ ಹೆಚ್ಚು ದಿನ ತಾಳುತ್ತದೆ. ಆದರೆ ಹೊರಗೆ ಹೊರಳಿಸಿದ ಸಕ್ಕರೆ ಪುಡಿ ತೇವ ಹೀರಿ ಬೇಗ ಕರಗುತ್ತದೆ. ಹಾಗಾಗಿ ಪೇಡೆಯ ಪೊಟ್ಟಣವನ್ನು ನೀರು ಹಾಕಿದ ಸಸಿಗಳ ಚೀಲದಲ್ಲಿ ಇಡದೆ, ಬೇರೆ ಬಟ್ಟೆಯ ಚೀಲದಲ್ಲಿ ಮಡಿಲಲ್ಲೇ ಇಟ್ಟುಕೊಳ್ಳಿ. ಮನೆ ಮುಟ್ಟಿದ ರಾತ್ರಿ ಸಸಿಗಳನ್ನು ನೆಡುವ ಆತುರ ಬೇಡ, ನೀರು ಚಿಮುಕಿಸಿ ಹೊರಗೆ ನೆರಳಿರುವ ಕಡೆ ಇಟ್ಟು ಮರುದಿನ ಸಂಜೆ ಬಿಸಿಲು ಇಳಿದ ಮೇಲೆ ನೆಡಿ.