ಇಬಿಎಗೆ ಓಟು ಹಾಕಿ ತಿಂಗಳಾಯಿತು, ಹೊಸ ಸಂಬಳ ಇನ್ನೂ ಯಾಕೆ ಬಂದಿಲ್ಲ?

ಮೆಲ್ಬೋರ್ನ್ ಏರ್‌ಪೋರ್ಟ್‌ನಲ್ಲಿ ಬ್ಯಾಗೇಜ್ ಕೆಲಸ, ಹೊಸ ಎಂಟರ್‌ಪ್ರೈಸ್ ಅಗ್ರಿಮೆಂಟ್ (ಇಬಿಎ ಅನ್ನೋದು ಇದನ್ನೇ, ಸಂಬಳ, ಷರತ್ತುಗಳ ಬಗ್ಗೆ ಕಂಪನಿ ಮತ್ತು ಕೆಲಸಗಾರರ ಒಪ್ಪಂದ) ಓಟಿನಲ್ಲಿ ಗೆದ್ದಿದೆ, ಆದರೂ ಪೇ ಸ್ಲಿಪ್‌ನಲ್ಲಿ ಹಳೇ ರೇಟೇ ಇದೆ, ಎಚ್‌ಆರ್ ಕೇಳಿದರೆ ಫೇರ್ ವರ್ಕ್ ಕಡೆ ಕೈ ತೋರಿಸ್ತಾರೆ ಅಂತ ಬರೆದಿದ್ದೀರಿ. ನಾನೂ ಇಲ್ಲಿ ರ‍್ಯಾಂಪ್ (ವಿಮಾನ ನಿಲ್ಲೋ ಜಾಗ) ಕೆಲಸದವನೇ. ಎಚ್‌ಆರ್ ಸುಳ್ಳು ಹೇಳ್ತಿಲ್ಲ.

ಓಟು ಹಾಕಿದವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಒಪ್ಪಿದರೆ ಒಪ್ಪಂದ ಆದಂತೆ. ಅದು ಜಾರಿಗೆ ಬರಬೇಕಾದರೆ ಫೇರ್ ವರ್ಕ್ ಕಮಿಷನ್, ಅಂದರೆ ಇಂಥ ಒಪ್ಪಂದಗಳನ್ನು ಪರಿಶೀಲಿಸೋ ಆಸ್ಟ್ರೇಲಿಯಾದ ಸಂಸ್ಥೆ, ಮಂಜೂರು ಮಾಡಬೇಕು. ಓಟು ಮುಗಿದ 14 ದಿನದೊಳಗೆ ಅರ್ಜಿ ಹೋಗಬೇಕು. ಹೋಗಿದೆಯಾ ಅಂತ ಮೊದಲು ನಿಮ್ಮ ಯೂನಿಯನ್ ಡೆಲಿಗೇಟ್‌ನ ಕೇಳಿ.

ಎಲ್ಲರೂ ಒಪ್ಪಿದ ಮೇಲೂ ಇನ್ನೇನು ನೋಡೋದು ಅಂದಿರಿ. ನೋಡೋದೇ ಅಲ್ಲಿರೋದು. ನಮ್ಮ ಕೆಲಸಕ್ಕೆ ಗ್ರೌಂಡ್ ಸ್ಟಾಫ್ ಅವಾರ್ಡ್ ಅಂತ ಕನಿಷ್ಠ ಸಂಬಳ, ಸೌಲಭ್ಯಗಳ ಪಟ್ಟಿ ಇದೆ. ಒಟ್ಟಾರೆ ಲೆಕ್ಕ ಹಾಕಿದರೆ ಒಪ್ಪಂದ ಅದಕ್ಕಿಂತ ಮೇಲಿರಬೇಕು. ಇದನ್ನೇ ಬೂಟ್ (ಬೆಟರ್ ಆಫ್ ಓವರಾಲ್) ಟೆಸ್ಟ್ ಅನ್ನೋದು. ಗಂಟೆಗೆ ನಾಲ್ಕು ಕಾಸು ಏರಿಸಿ, ಭಾನುವಾರದ, ಬೆಳಗಿನ ಜಾವದ ಪೆನಾಲ್ಟಿ ರೇಟಿಗೆ (ಅಂಥ ಹೊತ್ತಿನ ಕೆಲಸಕ್ಕೆ ಕೊಡೋ ಜಾಸ್ತಿ ದರ) ಕತ್ತರಿ ಹಾಕಿದರೆ ಮೇಲ್ನೋಟಕ್ಕೆ ಲಾಭದ ಹಾಗೇ ಕಾಣುತ್ತೆ ಅಲ್ವಾ? ಎಸ್ ಅಂದುಬಿಡ್ತೀವಿ. ಅದಕ್ಕೇ ಕಮಿಷನ್ ಮತ್ತೆ ಲೆಕ್ಕ ನೋಡೋದು. 2017ರಲ್ಲಿ ಏರೋಕೇರ್ ಅನ್ನೋ ಗ್ರೌಂಡ್ ಹ್ಯಾಂಡ್ಲಿಂಗ್ (ಏರ್‌ಪೋರ್ಟ್‌ನಲ್ಲಿ ಬ್ಯಾಗೇಜ್ ಥರದ ಕೆಲಸ ನೋಡಿಕೊಳ್ಳೋ) ಕಂಪನಿಯ ಒಪ್ಪಂದವನ್ನು ಕಮಿಷನ್ ತಿರಸ್ಕರಿಸಿತು. ಅಲ್ಲಿ ಸ್ಪ್ಲಿಟ್ ಶಿಫ್ಟ್ ದೊಡ್ಡ ಗಲಾಟೆಯಾಗಿತ್ತು. ಬೆಳಿಗ್ಗೆ ಒಂದಿಷ್ಟು ಗಂಟೆ ಕೆಲಸ, ನಡುವೆ ಸಂಬಳವಿಲ್ಲದ ಬಿಡುವು, ಆಮೇಲೆ ಮತ್ತೆ ಕೆಲಸ. ಮನೆಗೆ ಹೋಗಿ ಬರೋಕಾಗದೆ ಜನ ಏರ್‌ಪೋರ್ಟ್‌ನಲ್ಲೇ ಮಲಗುತ್ತಿದ್ದ ಫೋಟೋಗಳು ಪೇಪರಿನಲ್ಲೂ ಬಂದಿದ್ದವು.

ಸಣ್ಣಪುಟ್ಟ ಕೊರತೆಗೆಲ್ಲ ಕಮಿಷನ್ ಅರ್ಜಿಯನ್ನು ತಳ್ಳಿಹಾಕಲ್ಲ. ಸರಿಪಡಿಸ್ತೀವಿ ಅಂತ ಕಂಪನಿಯಿಂದ ಮುಚ್ಚಳಿಕೆ (ಅಂಡರ್‌ಟೇಕಿಂಗ್) ಬರೆಸಿಕೊಳ್ಳುತ್ತೆ. ಅದೂ ಒಪ್ಪಂದದ ಭಾಗವೇ ಆಗುತ್ತೆ, ಆದರೆ ನೀವು ಓಟು ಹಾಕಿದ ಪ್ರತಿಯಲ್ಲಿ ಇರಲ್ಲ. ಮಂಜೂರಾತಿ ಆದೇಶದ ಜೊತೆ ಕೊನೆಯಲ್ಲಿ ಸೇರಿಸಿರ್ತಾರೆ. ಕಮಿಷನ್ ವೆಬ್‌ಸೈಟಿನಲ್ಲಿ ಕಂಪನಿ ಹೆಸರು ಹಾಕಿ ಹುಡುಕಿ, ಪುಕ್ಕಟೆ ಸಿಗುತ್ತೆ. ನನ್ನ ಪ್ರಕಾರ ಇಡೀ ಕಡತದಲ್ಲಿ ಮೊದಲು ಓದಬೇಕಾದ್ದು ಆ ಪುಟವೇ.

ಇನ್ನು ದುಡ್ಡಿನ ಮಾತು. ಮಂಜೂರಾದ 7 ದಿನಕ್ಕೆ ಒಪ್ಪಂದ ಜಾರಿ, ಅಥವಾ ಅದರಲ್ಲೇ ಅದಕ್ಕಿಂತ ತಡವಾದ ದಿನ ಬರೆದಿದ್ದರೆ ಆ ದಿನ. ಕಾದ ಅವಧಿಯ ಬಾಕಿ ತಾನಾಗಿ ಬರಲ್ಲ. ಸಂಬಳದ ಕಲಮಿನಲ್ಲಿ ಏರಿಕೆ ಯಾವ ತಾರೀಖಿನಿಂದ ಅಂತ ಬರೆದಿದೆ ನೋಡಿ. ಹಿಂದಿನ ತಾರೀಖು ಇದ್ದರೆ ಬ್ಯಾಕ್ ಪೇ ಕೇಳಬಹುದು. ಇಲ್ಲದಿದ್ದರೆ, ಕಂಪನಿ ಬೇರೆಯಾಗಿ ಮಾತು ಕೊಟ್ಟಿರದಿದ್ದರೆ, ಸುಮ್ನೆ ಆಸೆ ಇಟ್ಟುಕೊಳ್ಳಬೇಡಿ.

ಸಾಲದು ಅನ್ನಿಸಿದರೆ ಆಮೇಲೆ ಸ್ಟ್ರೈಕ್ ಮಾಡಬಹುದಾ ಅಂತಲೂ ಕೇಳಿದ್ದೀರಿ. ಒಪ್ಪಂದ ಮಂಜೂರಾದ ದಿನದಿಂದಲೇ, ಅದರಲ್ಲಿ ಬರೆದ ಅವಧಿ ಮುಗಿಯೋವರೆಗೆ ಆಗಲ್ಲ. ಆ ಅವಧಿ ಮಂಜೂರಾದ ದಿನದಿಂದ 4 ವರ್ಷದವರೆಗೂ ಇರಬಹುದು.